ಹಳೆಯ ಸಿಎನ್‌ಸಿ ಲೇತ್‌ನಲ್ಲಿ ಕೂಲೆಂಟ್ ಧಾರೆ ಸೊರಗಿದಾಗ: ಪಂಪ್ ಬದಲಿಸುವ ಮುನ್ನ ಏನೇನು ನೋಡಬೇಕು

ಕತ್ತರಿಸುವ ಜಾಗವನ್ನು ತಂಪಾಗಿಡುವ ದ್ರವವಾದ ಕೂಲೆಂಟ್ ಸೊರಗಿದ ಸುದ್ದಿ ಸಾಮಾನ್ಯವಾಗಿ ಇನ್ಸರ್ಟ್‌ನಿಂದಲೇ (ಟೂಲ್ ತುದಿಯ ಕತ್ತರಿಸುವ ಬಿಲ್ಲೆ) ಮೊದಲು ಬರುತ್ತದೆ. ಅಂಚು ಬೇಗ ಸವೆಯುತ್ತದೆ, ಡ್ರಿಲ್ ಆಳಕ್ಕೆ ಇಳಿದಂತೆ ಕಿರುಚುತ್ತದೆ, ಉದ್ದುದ್ದ ಚಿಪ್ (ಕತ್ತರಿಸಿ ಬಂದ ಲೋಹದ ಚೂರು) ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಚಕ್‌ಗೆ ಸುತ್ತಿಕೊಳ್ಳುತ್ತದೆ. ಬಾಗಿಲಿನ ಗಾಜಿನಿಂದ ನೋಡಿದರೆ, ಕತ್ತರಿಸುವ ತುದಿಗೆ ನೇರವಾಗಿ ಬಡಿಯುತ್ತಿದ್ದ ಧಾರೆ ಈಗ ಬಾಗಿ ಕೆಳಗೆ ಸುರಿಯುತ್ತಿರುತ್ತದೆ. ಯಂತ್ರ ಹಳೆಯದಾಗಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಪಂಪ್ ಹೋಗಿದೆ, ದೊಡ್ಡದೊಂದು ಹಾಕಿಸೋಣ.

ಹಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದೆ. ಹೊಸ ಪಂಪ್ ತರಿಸಿ ಕೂರಿಸಿದೆವು. ಧಾರೆ ಒಂದಿಷ್ಟೂ ಬದಲಾಗಲಿಲ್ಲ. ಕೊನೆಗೆ ಹೋಸ್ ಕತ್ತರಿಸಿ ನೋಡಿದರೆ, ಅದರ ಒಳಪದರ ಕಿತ್ತು ನಾಲಿಗೆಯಂತೆ ದಾರಿಗೆ ಅಡ್ಡಬಿದ್ದಿತ್ತು. ಹರಿವು ಜೋರಾದಷ್ಟೂ ಆ ನಾಲಿಗೆ ಇನ್ನಷ್ಟು ಮೇಲೇಳುತ್ತಿತ್ತು. ಬಾಯಿಂದ ಊದಿ ನೋಡಿದಾಗ ಗಾಳಿ ಸರಾಗವಾಗಿ ಹೋಗುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಅಂದಿನಿಂದ ಒಂದು ಬಕೆಟ್, ಒಂದು ಗಡಿಯಾರ, ಒಂದು ಒತ್ತಡದ ಗೇಜ್ ಇವುಗಳಿಂದ ಅಳೆಯದೆ ಪಂಪ್ ಬದಲಿಸುವ ಮಾತಿಗೆ ನಾನು ಒಪ್ಪುವುದಿಲ್ಲ.

ಹಳೆಯ ಲೇತ್‌ಗಳಲ್ಲಿ ಹೆಚ್ಚಾಗಿ ಇರುವುದು ಟ್ಯಾಂಕ್ ಮೇಲೆ ನಿಲ್ಲಿಸಿದ ಮುಳುಗು ಪಂಪ್: ಮೂರು ಫೇಸ್ ಮೋಟಾರ್ ಮೇಲೆ, ಇಂಪೆಲರ್ (ದ್ರವವನ್ನು ಎಸೆಯುವ ರೆಕ್ಕೆಗಳ ಚಕ್ರ) ಕೆಳಗೆ ಕೂಲೆಂಟ್‌ನಲ್ಲಿ. ಇದು ಸೆಂಟ್ರಿಫ್ಯೂಗಲ್ ಜಾತಿಯದು. ಈ ಬರಹ ಅಂಥ ಪಂಪ್ ಕುರಿತಾದದ್ದು.

## ಕೈ ಹಾಕುವ ಮುನ್ನ

ಪಂಪ್, ಹೋಸ್, ಟರೆಟ್ (ಟೂಲ್‌ಗಳನ್ನು ಹಿಡಿದು ಸರದಿಯಂತೆ ತಿರುಗುವ ಭಾಗ) ಯಾವುದನ್ನೇ ಬಿಚ್ಚುವ ಮೊದಲು ಯಂತ್ರದ ಮುಖ್ಯ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಫಲಕ ತೂಗುಹಾಕಿ. ಎಮರ್ಜೆನ್ಸಿ ಬಟನ್ ಒತ್ತಿದರೆ ಸಾಲದು. ಒತ್ತಿದ ಮೇಲೂ ಪ್ಯಾನೆಲ್ ಒಳಗೆ ವಿದ್ಯುತ್ ಇರುತ್ತದೆ. ಮೋಟಾರ್‌ಗಳ ವೇಗ ನಿಯಂತ್ರಿಸುವ ಡ್ರೈವ್‌ಗಳ ಕೆಪಾಸಿಟರ್‌ಗಳಲ್ಲಿ ಸ್ವಿಚ್ ಆಫ್ ಆದ ಮೇಲೂ ಹಲವು ನಿಮಿಷ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಡ್ರೈವ್ ಮೇಲಿನ ಎಚ್ಚರಿಕೆ ಪಟ್ಟಿಯಲ್ಲಿ ಬರೆದಷ್ಟು ಹೊತ್ತು ಕಾದು, ಮೀಟರ್‌ನಿಂದ ಖಚಿತಪಡಿಸಿಕೊಂಡೇ ಕೈ ಇಡಿ. ಪ್ಯಾನೆಲ್ ಒಳಗಿನ ಕೆಲಸ ಅಭ್ಯಾಸವಿಲ್ಲದಿದ್ದರೆ ಅದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಧಾರೆ ನೋಡುವ ನೆಪದಲ್ಲಿ ಬಾಗಿಲಿನ ಇಂಟರ್‌ಲಾಕ್ (ಬಾಗಿಲು ತೆರೆದಿದ್ದಾಗ ಯಂತ್ರ ಓಡದಂತೆ ತಡೆಯುವ ಸ್ವಿಚ್) ತಪ್ಪಿಸಬೇಡಿ. ಚಕ್ ನಿಂತಿರುವಾಗ, ಬಾಗಿಲು ಮುಚ್ಚಿ, ಗಾಜಿನಿಂದ ಟಾರ್ಚ್ ಬಿಟ್ಟು ನೋಡಿದರೆ ಬಹುತೇಕ ಎಲ್ಲವೂ ಕಾಣುತ್ತದೆ. ಟ್ಯಾಂಕ್ ತಳದ ಹೂಳಿನಲ್ಲಿ ಬ್ಲೇಡಿನಂಥ ಚಿಪ್‌ಗಳಿರುತ್ತವೆ, ಆದ್ದರಿಂದ ಬರಿಗೈ ಹಾಕಬೇಡಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ತಳದಲ್ಲಿ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಹೊರಬರುತ್ತಿದೆ ಎಂದರ್ಥ. ಅಂಥ ಹೂಳನ್ನು ಕದಡುವಾಗ ಗಾಳಿಯಾಡುವಂತೆ ಮಾಡಿಕೊಳ್ಳಿ, ಟ್ಯಾಂಕ್ ಒಳಗೆ ತಲೆ ಬಗ್ಗಿಸಬೇಡಿ. ಪೈಪನ್ನು ಗಾಳಿಯಿಂದ ಊದಿಸುವಾಗ ಕನ್ನಡಕ ಕಡ್ಡಾಯ, ಇನ್ನೊಂದು ತುದಿಯ ಮುಂದೆ ಯಾರೂ ನಿಂತಿರಬಾರದು.

## ಬೆಳಿಗ್ಗೆ ಚೆನ್ನಾಗಿದೆ, ಅರ್ಧ ಗಂಟೆಯಲ್ಲಿ ಸೊರಗುತ್ತದೆ

ಈ ಲಕ್ಷಣ ಕಂಡರೆ ಪಂಪ್ ಬಗ್ಗೆ ಯೋಚಿಸಲೇಬೇಡಿ. ಪಂಪ್‌ಗೆ ಕುಡಿಯಲು ಕೂಲೆಂಟ್ ಸಿಗುತ್ತಿಲ್ಲ.

ಧಾರೆ ಸೊರಗಿದ ಹೊತ್ತಿಗೆ ಸರಿಯಾಗಿ ಟ್ಯಾಂಕ್ ಮುಚ್ಚಳ ಎತ್ತಿ ಮಟ್ಟ ನೋಡಿ. ಬೆಳಿಗ್ಗೆ ತುಂಬಿದ್ದ ಟ್ಯಾಂಕ್ ಈಗ ಪಂಪ್‌ನ ಬಾಯಿಯವರೆಗೆ ಇಳಿದಿದ್ದರೆ, ಇಳಿದದ್ದೆಲ್ಲ ಯಂತ್ರದ ಬೆಡ್ ಮೇಲೆ, ಚಿಪ್ ರಾಶಿಯ ಕೆಳಗೆ, ಚಿಪ್ ಹೊರಸಾಗಿಸುವ ಕನ್ವೇಯರ್ ಹೊಟ್ಟೆಯಲ್ಲಿ ನಿಂತಿದೆ. ಪಂಪ್ ನಿಮಿಷಕ್ಕೆ 40 ಲೀಟರ್ ಎತ್ತುತ್ತಿದೆ, ಕಟ್ಟಿಕೊಂಡ ಜಾಲರಿಯ ಮೂಲಕ 37 ಲೀಟರ್ ಮಾತ್ರ ಹಿಂದಿರುಗುತ್ತಿದೆ ಎಂದುಕೊಳ್ಳಿ. ನಿಮಿಷಕ್ಕೆ 3 ಲೀಟರ್ ಕೊರತೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅರ್ಧ ಗಂಟೆಗೆ ಅದು 90 ಲೀಟರ್. ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಮಟ್ಟ ತಾನಾಗಿಯೇ ಸಾಕಷ್ಟು ಏರಿದ್ದರೆ ಹಿಂದಿರುಗುವ ದಾರಿ ಕಟ್ಟಿದೆ ಎಂಬುದರಲ್ಲಿ ಅನುಮಾನವಿಲ್ಲ.

ಟ್ಯಾಂಕ್ ಒಳಗೆ ಅಡ್ಡ ಜಾಲರಿ ಇರುವ ಯಂತ್ರಗಳಲ್ಲಿ ಇನ್ನೊಂದು ಗುರುತಿದೆ. ಜಾಲರಿಯ ಎರಡು ಬದಿಯ ಮಟ್ಟಗಳನ್ನು ಹೋಲಿಸಿ. ಚಿಪ್ ಬೀಳುವ ಬದಿ ತುಂಬಿದ್ದು, ಪಂಪ್ ಇರುವ ಬದಿ ಒಂದು ಗೇಣು ಕೆಳಗಿದ್ದರೆ ಜಾಲರಿ ಕಟ್ಟಿದೆ. ಮೇಲಿನಿಂದ ಕೆರೆದರೆ ಸಾಲದು. ಸೂಕ್ಷ್ಮ ಪುಡಿ, ಜಾರುವ ಹಳಿಗಳಿಗೆ ಹಾಕುವ ಸ್ಲೈಡ್‌ವೇ ಆಯಿಲ್ ಸೇರಿ ಅಂಟಾದ ಪದರ ತಂತಿಗಳ ನಡುವೆ ಹಿಡಿದಿರುತ್ತದೆ. ಹೊರತೆಗೆದು ಹಿಂಬದಿಯಿಂದ ತೊಳೆಯಬೇಕು. ಬೀಡು ಕಬ್ಬಿಣ ಕೆಲಸ ಮಾಡುವ ಯಂತ್ರಗಳಲ್ಲಿ ಇದು ತಪ್ಪದ ಕಾಟ.

ಪಂಪ್‌ನ ಕಾಲ ಬುಡದ ಹೂಳನ್ನೂ ನೋಡಿ. ಹಳೆಯ ಟ್ಯಾಂಕ್‌ಗಳಲ್ಲಿ ಮೇಲೆ ಕೂಲೆಂಟ್ ತಿಳಿಯಾಗಿ ಕಂಡರೂ, ತಳದಲ್ಲಿ ಗಟ್ಟಿ ಹೂಳು ಕುಳಿತು ಪಂಪ್‌ನ ಬಾಯಿಯ ಸುತ್ತ ಬಾವಿಯಂಥ ಕುಳಿ ಮಾತ್ರ ಉಳಿದಿರುತ್ತದೆ. ಒಂದು ಕೋಲನ್ನು ತಳದವರೆಗೆ ಇಳಿಸಿ ನಾಲ್ಕೈದು ಕಡೆ ಆಳ ಅಳೆದರೆ ಗೊತ್ತಾಗುತ್ತದೆ. ಹೂಳು ತೆಗೆಯದೆ ಮೇಲೆ ಹೊಸ ಕೂಲೆಂಟ್ ಸುರಿಯುವುದು ಕೂಲೆಂಟ್ ದಂಡ.

## ಧಾರೆ ಬಿಟ್ಟು ಬಿಟ್ಟು ಬರುತ್ತದೆ, ಬಿಳಿಯಾಗಿದೆ, ನೊರೆ ತುಂಬಿದೆ

ನೊರೆ ಎಂದರೆ ಗಾಳಿ. ಸೆಂಟ್ರಿಫ್ಯೂಗಲ್ ಪಂಪ್ ಒತ್ತಡ ಹುಟ್ಟಿಸುವುದು ದ್ರವದ ತೂಕವನ್ನು ತಿರುಗಿಸಿ ಎಸೆಯುವ ಮೂಲಕ. ಗಾಳಿಗೆ ಹೇಳಿಕೊಳ್ಳುವಷ್ಟು ತೂಕವಿಲ್ಲ, ಹಾಗಾಗಿ ಇಂಪೆಲರ್‌ಗೆ ಹಿಡಿತ ಸಿಗುವುದಿಲ್ಲ. ಧಾರೆ ಉಗುಳಿದಂತೆ ಬರುತ್ತದೆ, ಪಂಪ್‌ನಿಂದ ಗರಗರ ಶಬ್ದ ಬರುತ್ತದೆ.

ಮೊದಲು ಮಟ್ಟ ನೋಡಿ. ಕಡಿಮೆ ಮಟ್ಟದಲ್ಲಿ ಪಂಪ್‌ನ ಬಾಯಿಯ ಮೇಲೆ ಸುಳಿ ಎದ್ದು ಗಾಳಿ ಒಳಹೋಗುತ್ತದೆ. ಹಿಂದಿರುಗುವ ಕೂಲೆಂಟ್ ಎತ್ತರದಿಂದ ನೇರ ಪಂಪ್ ಪಕ್ಕಕ್ಕೇ ಸುರಿಯುತ್ತಿದ್ದರೆ ಒಂದು ತಗಡಿನ ಅಡ್ಡಗೋಡೆ ಹಾಕಿ ಅದನ್ನು ದೂರಕ್ಕೆ ತಿರುಗಿಸಿ. ನಾನು ಕಂಡಂತೆ ಇಷ್ಟರಲ್ಲೇ ಅರ್ಧ ನೊರೆ ಇಳಿಯುತ್ತದೆ. ನಂತರ ರಿಫ್ರಾಕ್ಟೋಮೀಟರ್‌ನಿಂದ ಸಾಂದ್ರತೆ (ನೀರಿನಲ್ಲಿ ಕೂಲೆಂಟ್ ಎಣ್ಣೆಯ ಪಾಲು) ನೋಡಿ. ನೀರಿನಲ್ಲಿ ಬೆರೆಯುವ ಕೂಲೆಂಟ್‌ಗೆ ಸಾಮಾನ್ಯವಾಗಿ ಶೇ 5ರಿಂದ 10ರ ನಡುವೆ ಇರಬೇಕು. ಮೀಟರ್ ತೋರಿಸಿದ ಅಂಕಿಯನ್ನು ಆ ಎಣ್ಣೆಯ ಡಬ್ಬದ ಮೇಲೆ ಕೊಟ್ಟ ಗುಣಕದಿಂದ ಗುಣಿಸಲು ಮರೆಯಬೇಡಿ. ಸಾಂದ್ರತೆ ಮಿತಿಮೀರಿದರೂ, ಬೆರೆಸಿದ ನೀರು ತೀರಾ ಮೆದುವಾಗಿದ್ದರೂ (ಲವಣ ಕಡಿಮೆ ಇದ್ದರೂ) ನೊರೆ ಏಳುತ್ತದೆ. ನೆಲ ತೊಳೆದ ಸೋಪಿನ ನೀರು ಟ್ಯಾಂಕ್‌ಗೆ ಸೇರಿದರಂತೂ ಹೇಳುವುದೇ ಬೇಡ. ನೊರೆ ಇಳಿಸುವ ರಾಸಾಯನಿಕವನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ, ಅದೂ ಕೂಲೆಂಟ್ ತಯಾರಕರು ಹೇಳಿದ್ದನ್ನೇ, ಹೇಳಿದಷ್ಟೇ.

## ಒಂದೇ ಟೂಲ್‌ನಲ್ಲಿ ದುರ್ಬಲ, ಉಳಿದವು ಸರಿ

ಇದು ಸುಲಭದ ಪ್ರಕರಣ. ಟರೆಟ್‌ನ ಒಂದು ಸ್ಟೇಷನ್‌ನಲ್ಲಿ (ಒಂದು ಟೂಲ್ ಕೂರುವ ಜಾಗ) ಚೆನ್ನಾಗಿ ಬರುತ್ತಿದ್ದರೆ ಪಂಪ್, ಹೋಸ್, ವಾಲ್ವ್ ಎಲ್ಲವೂ ನಿರಪರಾಧಿಗಳು. ಆ ಟೂಲ್ ಹೋಲ್ಡರ್ ಬಿಚ್ಚಿ, ಟರೆಟ್ ಡಿಸ್ಕ್‌ನ ರಂಧ್ರದಿಂದ ಕೂಲೆಂಟ್ ಜೋರಾಗಿ ಬರುತ್ತದೆಯೇ ನೋಡಿ. ಬಂದರೆ ದೋಷ ಹೋಲ್ಡರ್‌ನಲ್ಲಿದೆ: ಗುಂಡು ನಾಝಲ್ ಒಳಗೆ ಚಿಪ್ ಸಿಕ್ಕಿರಬಹುದು, ಹೋಲ್ಡರ್ ಕೆಳಗಿನ ಒ-ರಿಂಗ್ ಹರಿದು ಅಲ್ಲಿಂದಲೇ ಸೋರುತ್ತಿರಬಹುದು. ಬೇರೆ ಯಂತ್ರದ ಹೋಲ್ಡರ್ ತಂದು ಹಾಕಿದ್ದರೆ ಅದರ ಕೂಲೆಂಟ್ ರಂಧ್ರ ಡಿಸ್ಕ್‌ನ ರಂಧ್ರಕ್ಕೆ ಸರಿಯಾಗಿ ಕೂಡದೆ ಅರ್ಧ ಮುಚ್ಚಿಹೋಗಿರುವುದೂ ಉಂಟು.

ನಾಝಲ್‌ನ ರಂಧ್ರ ಅಳೆಯಿರಿ. ತಂತಿ ಹಾಕಿ ಹಾಕಿ, ಡ್ರಿಲ್ ತೂರಿಸಿ ತೂರಿಸಿ 3 ಮಿ.ಮೀ. ಇದ್ದದ್ದು 6 ಮಿ.ಮೀ. ಆಗಿರುತ್ತದೆ. ವ್ಯಾಸ ಎರಡು ಪಟ್ಟಾದರೆ ರಂಧ್ರದ ವಿಸ್ತಾರ ನಾಲ್ಕು ಪಟ್ಟು. ಸಣ್ಣ ಪಂಪ್ ಅಷ್ಟು ದೊಡ್ಡ ಬಾಯಿಯನ್ನು ತುಂಬಿ ಒತ್ತಡ ಉಳಿಸಿಕೊಳ್ಳಲಾರದು. ಕೂಲೆಂಟ್ ಬೇಕಾದಷ್ಟು ಸುರಿಯುತ್ತದೆ, ವೇಗ ಇರುವುದಿಲ್ಲ. 1 ಬಾರ್ ಒತ್ತಡ ನಾಝಲ್‌ವರೆಗೂ ಉಳಿದರೆ ಧಾರೆಯ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 14 ಮೀಟರ್; ಕಾಲು ಬಾರ್ ಮಾತ್ರ ಉಳಿದರೆ 7 ಮೀಟರ್. ಸರಿಯಾದ ಅಳತೆಯ ನಾಝಲ್ ಹಾಕಿ, ತುದಿಗೆ ಹತ್ತಿರ ತಂದು, ಚಿಪ್ ಮತ್ತು ಇನ್ಸರ್ಟ್ ಮುಖದ ನಡುವೆ ನೇರ ಗುರಿಯಿಟ್ಟರೆ ಪಂಪ್ ಮುಟ್ಟದೆಯೇ ಎಷ್ಟೋ ದೂರುಗಳು ನಿಂತುಹೋಗುತ್ತವೆ.

## ಟರೆಟ್ ಹಿಂದಿನಿಂದ ಸೋರಿಕೆ, ಟೂಲ್ ತುದಿಯಲ್ಲಿ ಜಿನುಗು

ಹಳೆಯ ಲೇತ್‌ನ ಟರೆಟ್‌ನಲ್ಲಿ ಕೂಲೆಂಟ್ ಸ್ಥಿರ ಭಾಗದಿಂದ ತಿರುಗುವ ಡಿಸ್ಕ್‌ಗೆ ದಾಟಬೇಕು. ಹಲವು ವಿನ್ಯಾಸಗಳಲ್ಲಿ ಸ್ಪ್ರಿಂಗ್ ಒತ್ತಿದ ಒಂದು ಸಣ್ಣ ಪ್ಲಂಜರ್ ಡಿಸ್ಕ್‌ನ ಹಿಂಬದಿಗೆ ತಾಗಿ ನಿಂತು ಈ ಕೆಲಸ ಮಾಡುತ್ತದೆ. ಅದರ ಮುಖ ಸವೆದರೆ, ಸ್ಪ್ರಿಂಗ್ ಸೊರಗಿದರೆ, ಚಿಪ್ ಪುಡಿ ಸಿಕ್ಕಿ ಅದು ಒಳಗೇ ಕಚ್ಚಿಕೊಂಡರೆ ಕೂಲೆಂಟ್ ಡಿಸ್ಕ್ ಸಂದಿಯಿಂದಲೇ ಹೊರಚೆಲ್ಲುತ್ತದೆ.

ನೋಡುವ ಬಗೆ ಹೀಗೆ: ಕೂಲೆಂಟ್ ದಾರಿಯನ್ನು ಬಿರಡೆ ಹಾಕಿ ಮುಚ್ಚಿದ ಒಂದು ಸ್ಟೇಷನ್ ಅನ್ನು ಕೆಲಸದ ಸ್ಥಾನಕ್ಕೆ ತಂದು, ಬಾಗಿಲು ಮುಚ್ಚಿ, ಕೂಲೆಂಟ್ ಆನ್ ಮಾಡಿ. ಮುಂದೆ ಹೋಗಲು ದಾರಿಯಿಲ್ಲದ ಕೂಲೆಂಟ್ ಡಿಸ್ಕ್ ಹಿಂದಿನಿಂದ ಧಾರಾಳವಾಗಿ ಸುರಿದರೆ ಪ್ಲಂಜರ್ ಹೋಗಿದೆ. ಒಂದೆರಡು ಹನಿ ಜಿನುಗಿದರೆ ಚಿಂತೆಯಿಲ್ಲ.

ಪ್ಲಂಜರ್ ಹೊರಗಿನಿಂದಲೇ ತೆಗೆಯಲು ಬರುವಂತಿದ್ದರೆ ನೀವೇ ಬದಲಿಸಬಹುದು. ಡಿಸ್ಕ್ ಬಿಚ್ಚಲೇಬೇಕು ಎಂದಾದರೆ ಅಲ್ಲೇ ನಿಲ್ಲಿ. ಡಿಸ್ಕ್ ಮತ್ತೆ ಕೂರಿಸುವಾಗ ಟೂಲ್ ರಂಧ್ರಗಳು ಚಕ್ ತಿರುಗಿಸುವ ಸ್ಪಿಂಡಲ್‌ನ ಕೇಂದ್ರಕ್ಕೆ ಹೊಂದುವಂತೆ ಡಯಲ್ ಗೇಜ್ ಇಟ್ಟು ಹೊಂದಿಸಬೇಕು. ಅದು ಟರೆಟ್ ಬಲ್ಲವರ ಕೆಲಸ. ಈ ಸೋರಿಕೆಯನ್ನು ಹಾಗೆಯೇ ಬಿಟ್ಟು ಕೆಲಸ ಮುಂದುವರಿಸುವುದೂ ತಪ್ಪು. ಕೂಲೆಂಟ್ ನಿಧಾನವಾಗಿ ಟರೆಟ್ ಒಳಗಿನ ಬೇರಿಂಗ್, ಸೆನ್ಸರ್‌ಗಳಿಗೆ ಇಳಿದು ಒಂದು ದಿನ ಇಂಡೆಕ್ಸ್ ಅಲಾರಂ (ಟರೆಟ್ ಸರಿಯಾಗಿ ತಿರುಗಿ ನಿಲ್ಲಲಿಲ್ಲ ಎಂಬ ಎಚ್ಚರಿಕೆ) ಆಗಿ ಕಾಣಿಸಿಕೊಳ್ಳುತ್ತದೆ, ಆಗಿನ ಖರ್ಚೇ ಬೇರೆ.

## ಎಲ್ಲ ಟೂಲ್‌ಗಳಲ್ಲೂ ದುರ್ಬಲ, ಮೋಟಾರ್ ಶಬ್ದ ಮಾತ್ರ ಸಹಜ

ಟ್ಯಾಂಕ್ ತುಂಬಿದೆ, ಜಾಲರಿ ಸ್ವಚ್ಛ, ನೊರೆ ಇಲ್ಲ, ಆದರೂ ಧಾರೆ ಇಲ್ಲ. ಈಗ ಅಳೆಯುವ ಸಮಯ.

ಅದಕ್ಕೂ ಮೊದಲು ಒಂದು ನಿಮಿಷದ ಕೆಲಸ: ಬೆಡ್ ತೊಳೆಯುವ ಕವಲು ಪೈಪ್, ಚಕ್ ಮೇಲಿನ ಪೈಪ್, ಕೈತೊಳೆಯುವ ಗನ್ ಇವೆಲ್ಲ ಎಲ್ಲಿಂದ ಕೂಲೆಂಟ್ ಪಡೆಯುತ್ತಿವೆ ನೋಡಿ. ಒಂದೇ ಪಂಪ್‌ನಿಂದಾದರೆ ಯಾರೋ ಯಾವಾಗಲೋ ಪೂರ್ತಿ ತೆರೆದಿಟ್ಟ ಬಾಲ್ ವಾಲ್ವ್ ಹರಿವಿನ ಮುಕ್ಕಾಲು ಪಾಲನ್ನು ಬೆಡ್ ಮೇಲೆ ಚೆಲ್ಲುತ್ತಿರಬಹುದು. ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ತೆರೆದೇ ಕಚ್ಚಿಕೊಂಡಿದ್ದರೂ ಇದೇ ಫಲ.

ಈಗ ಪಂಪ್‌ನಿಂದ ಕೂಲೆಂಟ್ ಹೊರಬರುವ ಕಡೆ, ಪಂಪ್‌ಗೆ ಸಮೀಪದಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಜೋಡಿಸಿ. ಅದಕ್ಕೆ 0ಯಿಂದ 4 ಬಾರ್ ತೋರಿಸುವ ಗೇಜ್, ಮುಂದೆ ಒಂದು ಬಾಲ್ ವಾಲ್ವ್. ಈ ಟೀಯನ್ನು ಶಾಶ್ವತವಾಗಿ ಅಲ್ಲೇ ಬಿಡುವುದು ನನ್ನ ರೂಢಿ. ಮೂರು ಅಳತೆ ತೆಗೆದುಕೊಳ್ಳಿ.

ಒಂದನೆಯದು, ವಾಲ್ವ್ ಮುಚ್ಚಿದಾಗಿನ ಒತ್ತಡ. ಪಂಪ್ ಓಡುತ್ತಿರುವಾಗ ವಾಲ್ವ್ ಮುಚ್ಚಿ, ಐದಾರು ಸೆಕೆಂಡಿನಲ್ಲಿ ಮುಳ್ಳು ಓದಿ, ತೆರೆದುಬಿಡಿ. ಸೆಂಟ್ರಿಫ್ಯೂಗಲ್ ಪಂಪ್‌ಗೆ ಇಷ್ಟರಿಂದ ಏನೂ ಆಗುವುದಿಲ್ಲ. ಆದರೆ ನಿಮ್ಮ ಯಂತ್ರದಲ್ಲಿರುವುದು ಗೇರ್ ಅಥವಾ ಸ್ಕ್ರೂ ಪಂಪ್ ಆಗಿದ್ದರೆ ಈ ಪರೀಕ್ಷೆ ಮಾಡಲೇಬಾರದು. ಅಂಥ ಪಂಪ್‌ನ ದಾರಿ ಮುಚ್ಚಿದರೆ ಹೋಸ್ ಸಿಡಿಯಬಹುದು. ಯಾವ ಜಾತಿ ಎಂಬುದು ಖಚಿತವಿಲ್ಲದಿದ್ದರೆ ವಾಲ್ವ್ ಮುಟ್ಟಬೇಡಿ.

ಎರಡನೆಯದು, ಎಲ್ಲ ಸಹಜವಾಗಿ ಓಡುವಾಗಿನ ಒತ್ತಡ. ಮೂರನೆಯದು, ಟೀ ಮುಂದಿನ ಹೋಸ್ ಬಿಚ್ಚಿ ನೇರ ಬಕೆಟ್‌ಗೆ ಬಿಟ್ಟಾಗಿನ ಹರಿವು. ಹೋಸ್ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, 10 ಲೀಟರ್ ತುಂಬಲು ಎಷ್ಟು ಸೆಕೆಂಡು ಎಂದು ಎಣಿಸಿ. 20 ಸೆಕೆಂಡಾದರೆ ನಿಮಿಷಕ್ಕೆ 30 ಲೀಟರ್. 12 ಸೆಕೆಂಡಾದರೆ 50 ಲೀಟರ್.

ಇವನ್ನು ಪಂಪ್‌ನ ಫಲಕದ ಜೊತೆ ಹೋಲಿಸಬೇಕು. ಫಲಕದಲ್ಲಿ ಒತ್ತಡವನ್ನು ಹೆಚ್ಚಾಗಿ ಮೀಟರ್ ಲೆಕ್ಕದ ಎತ್ತರವಾಗಿ ಬರೆದಿರುತ್ತಾರೆ. 10 ಮೀಟರ್ ಎಂದರೆ ಹೆಚ್ಚುಕಡಿಮೆ 1 ಬಾರ್. ಬರೆದಿರುವ ಅತಿ ಹೆಚ್ಚಿನ ಹರಿವು, ಅತಿ ಹೆಚ್ಚಿನ ಎತ್ತರ ಇವೆರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಹರಿವು ಹೆಚ್ಚಿದಂತೆ ಒತ್ತಡ ಇಳಿಯುವುದು ಈ ಪಂಪ್‌ಗಳ ಸ್ವಭಾವ. ಇದು ತಿಳಿಯದೆ ಎಷ್ಟೋ ಒಳ್ಳೆಯ ಪಂಪ್‌ಗಳು ಗುಜರಿಗೆ ಹೋಗಿವೆ.

ಮುಚ್ಚಿದಾಗಿನ ಒತ್ತಡ ಸರಿಯಿದ್ದು, ಓಡುವಾಗಲೂ ಮುಳ್ಳು ಅದರ ಹತ್ತಿರವೇ ನಿಂತಿದ್ದರೆ ಪಂಪ್ ಮುಂದೆ ಎಲ್ಲೋ ಕಟ್ಟಿದೆ: ಹೋಸ್, ನಾನ್‌ರಿಟರ್ನ್ ವಾಲ್ವ್, ಲೈನ್ ಫಿಲ್ಟರ್, ಟರೆಟ್ ದಾರಿ. ಮುಚ್ಚಿದಾಗ ಸರಿಯಿದ್ದು, ಓಡುವಾಗ ಮುಳ್ಳು ಪಾತಾಳಕ್ಕಿಳಿದರೆ, ಬಕೆಟ್‌ನಲ್ಲಿ ಹರಿವೂ ಚೆನ್ನಾಗಿದ್ದರೆ, ಕೂಲೆಂಟ್ ಎಲ್ಲೋ ಸೋರುತ್ತಿದೆ, ಬೇರೆ ಕವಲಿಗೆ ಹೋಗುತ್ತಿದೆ ಅಥವಾ ನಾಝಲ್‌ಗಳು ದೊಡ್ಡದಾಗಿವೆ. ಮುಚ್ಚಿದಾಗಲೇ ಒತ್ತಡ ಕಡಿಮೆ ಇದ್ದರೆ ಮಾತ್ರ ಪಂಪ್ ಮೇಲೆ ಅನುಮಾನ ಪಡಿ.

ನಾಲ್ಕನೆಯ ಸಂದರ್ಭ ಅನೇಕರನ್ನು ದಾರಿ ತಪ್ಪಿಸುತ್ತದೆ. ಮುಚ್ಚಿದಾಗ ಒತ್ತಡ ಸರಿ, ಆದರೆ ಬಕೆಟ್ ತುಂಬುವುದೇ ಇಲ್ಲ. ವಾಲ್ವ್ ಮುಚ್ಚಿದಾಗ ಹರಿವೇ ಇರುವುದಿಲ್ಲವಾದ್ದರಿಂದ ಪಂಪ್ ಕೂಲೆಂಟ್ ಹೀರುವ ಬಾಯಿ ಕಟ್ಟಿದ್ದರೂ ಗೇಜ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಹರಿಯಲು ಬಿಟ್ಟಾಗಷ್ಟೇ ಬಣ್ಣ ಬಯಲಾಗುತ್ತದೆ. ಪಂಪ್ ಎತ್ತಿ ಕೆಳಗಿನ ಜಾಲರಿಯನ್ನು ನೋಡಿ. ಒರೆಸುವ ಬಟ್ಟೆಯ ತುಂಡು, ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿರುವುದು ಸಾಮಾನ್ಯ.

ಮುಂದಿನ ದಾರಿ ಕಟ್ಟಿದೆ ಎಂದಾದರೆ ಒಂದೊಂದೇ ಜೋಡಣೆ ಬಿಚ್ಚುತ್ತ ಟರೆಟ್ ಕಡೆಗೆ ನಡೆಯಿರಿ, ಪ್ರತಿ ಹೆಜ್ಜೆಗೂ ಬಕೆಟ್ ಹಿಡಿಯಿರಿ. ಹರಿವು ಎಲ್ಲಿ ಥಟ್ಟನೆ ಇಳಿಯಿತೋ ಅದರ ಹಿಂದಿನ ತುಂಡಿನಲ್ಲಿ ದೋಷವಿದೆ. ಹೋಸ್ ಅನುಮಾನವಾದರೆ ಊದಿ ತೃಪ್ತಿಪಡಬೇಡಿ. ಅದೇ ಅಳತೆಯ ಬೇರೆ ಹೋಸ್ ತಾತ್ಕಾಲಿಕವಾಗಿ ಹಾಕಿ ಬಕೆಟ್ ಪರೀಕ್ಷೆ ಮಾಡಿ. ಹಿಂದೆ ಯಾರಾದರೂ 12 ಮಿ.ಮೀ. ಒಳವ್ಯಾಸದ ಹೋಸ್ ಬದಲು ಕೈಗೆ ಸಿಕ್ಕ 8 ಮಿ.ಮೀ. ಹಾಕಿದ್ದಾರೆಯೇ ಎಂದೂ ನೋಡಿ. ಒಂದೇ ಹರಿವಿಗೆ ಘರ್ಷಣೆಯ ನಷ್ಟ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ; 12ರಿಂದ 8ಕ್ಕೆ ಇಳಿದರೆ ನಷ್ಟ ಏಳೂವರೆ ಪಟ್ಟು. ಕೇಬಲ್ ಚೈನ್ ಒಳಗೆ ಹೋಸ್ ಮಡಚಿಕೊಂಡಿದ್ದರೆ ಸ್ಲೈಡ್ ಒಂದು ಕಡೆ ಇದ್ದಾಗ ಸರಿ, ಇನ್ನೊಂದು ಕಡೆ ಹೋದಾಗ ದುರ್ಬಲ ಎಂಬ ವಿಚಿತ್ರ ಲಕ್ಷಣ ಕಾಣುತ್ತದೆ.

## ಯಂತ್ರ ಸ್ಥಳಾಂತರಿಸಿದ ಮೇಲೆ ಅಥವಾ ವೈರಿಂಗ್ ಮುಟ್ಟಿದ ಮೇಲೆ ಶುರುವಾಯಿತು

ಮೂರು ಫೇಸ್‌ಗಳಲ್ಲಿ ಎರಡು ಅದಲುಬದಲಾದರೆ ಮೋಟಾರ್ ಹಿಮ್ಮುಖ ತಿರುಗುತ್ತದೆ. ಸೆಂಟ್ರಿಫ್ಯೂಗಲ್ ಪಂಪ್ ಹಿಮ್ಮುಖ ತಿರುಗಿದರೂ ಕೂಲೆಂಟ್ ಬರುತ್ತದೆ, ಆದರೆ ಸೊರಗಿ ಬರುತ್ತದೆ. ಬರುತ್ತಿದೆಯಲ್ಲ ಎಂದು ಯಾರೂ ತಿರುಗುವ ದಿಕ್ಕು ನೋಡುವುದಿಲ್ಲ. ಮೋಟಾರ್ ಮೇಲಿನ ಬಾಣದ ಗುರುತು ನೋಡಿ, ಕ್ಷಣಕಾಲ ಆನ್ ಮಾಡಿ ಆಫ್ ಮಾಡಿ, ಫ್ಯಾನ್ ನಿಲ್ಲುವ ಹೊತ್ತಿಗೆ ಯಾವ ಕಡೆ ತಿರುಗುತ್ತಿದೆ ಗಮನಿಸಿ.

ಹಿಮ್ಮುಖ ಕಂಡ ಕೂಡಲೇ ಪಂಪ್‌ನ ತಂತಿ ಬದಲಿಸಲು ಹೋಗಬೇಡಿ. ಹೈಡ್ರಾಲಿಕ್ ಮೋಟಾರ್, ಚಿಪ್ ಕನ್ವೇಯರ್ ಕೂಡ ಹಿಮ್ಮುಖವಾಗಿದ್ದರೆ ತಪ್ಪು ಇಡೀ ಯಂತ್ರಕ್ಕೆ ಬರುವ ಸರಬರಾಜಿನಲ್ಲಿದೆ. ಹೈಡ್ರಾಲಿಕ್ ಪಂಪ್ ಹಾಗೆ ಓಡಿದರೆ ಒತ್ತಡ ಬಾರದೆ ಒಳಗೇ ಕೆಡುತ್ತದೆ. ಕೂಡಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಪಂಪ್ ಒಂದೇ ಹಿಮ್ಮುಖವಾಗಿದ್ದರೆ ಅದರ ಎರಡು ತಂತಿ ಅದಲುಬದಲು ಮಾಡಿಸಿದರೆ ಮುಗಿಯಿತು.

ಬೇರೆ ದೇಶದಿಂದ ಬಂದ ಹಳೆಯ ಯಂತ್ರವಾದರೆ ಫಲಕದಲ್ಲಿ ಹರ್ಟ್ಸ್ ನೋಡಿ. 60 ಹರ್ಟ್ಸ್‌ನ ಅಂಕಿಗಳನ್ನು ಹಿಡಿದುಕೊಂಡು 50 ಹರ್ಟ್ಸ್‌ನಲ್ಲಿ ಓಡುವ ಪಂಪನ್ನು ಬೈಯುವುದು ಅನ್ಯಾಯ. ವೇಗ ಆರರಲ್ಲಿ ಐದು ಪಾಲಿಗೆ ಇಳಿದಾಗ ಹರಿವು ಶೇ 83ಕ್ಕೆ, ಒತ್ತಡ ಶೇ 69ಕ್ಕೆ ಇಳಿಯುತ್ತದೆ. ಅಂಥ ಪಂಪ್ ಕೆಟ್ಟಿಲ್ಲ, ಅದು ಕೊಡಬಲ್ಲದ್ದೇ ಅಷ್ಟು.

## ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಅಥವಾ ಓವರ್‌ಲೋಡ್ ಟ್ರಿಪ್ ಆಗುತ್ತದೆ

ತಕ್ಷಣ ಆಫ್ ಮಾಡಿ. ಗುಂಯ್‌ಗುಟ್ಟುತ್ತ ನಿಂತ ಮೋಟಾರ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಬೀಗ ಹಾಕಿದ ಮೇಲೆ ಫ್ಯಾನ್ ಮುಚ್ಚಳ ತೆಗೆದು ಶಾಫ್ಟ್ ಕೈಯಿಂದ ತಿರುಗಿಸಿ. ಹಗುರಾಗಿ ತಿರುಗಿದರೆ ವಿದ್ಯುತ್ ಕಡೆ, ಬಿಗಿಯಾಗಿದ್ದರೆ ಇಂಪೆಲರ್‌ನಲ್ಲಿ ಚಿಪ್ ಅಥವಾ ಬೇರಿಂಗ್. ವಿದ್ಯುತ್ ಕಡೆಯಾದರೆ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್‌ನಿಂದ ಮೂರೂ ಫೇಸ್‌ಗಳ ಕರೆಂಟ್ ನೋಡಲಿ. ಒಂದರಲ್ಲಿ ಸೊನ್ನೆ ಇದ್ದರೆ ಫ್ಯೂಸ್, ಮೋಟಾರ್‌ಗೆ ವಿದ್ಯುತ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಸುಟ್ಟ ತುದಿ ಅಥವಾ ಸಡಿಲ ಸ್ಕ್ರೂ. ಹಳೆಯ ಯಂತ್ರಗಳಲ್ಲಿ ಪಂಪ್‌ನ ಟರ್ಮಿನಲ್ ಪೆಟ್ಟಿಗೆಗೆ ಕೂಲೆಂಟ್ ನುಗ್ಗಿ ಹಸಿರು ಕಿಲುಬು ಹಿಡಿದಿರುವುದನ್ನು ಬಹಳ ಸಲ ಕಂಡಿದ್ದೇನೆ. 500 ವೋಲ್ಟ್ ಮೆಗ್ಗರ್‌ನಲ್ಲಿ ಮೋಟಾರ್‌ನ ಇನ್ಸುಲೇಷನ್ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದನ್ನು ಮತ್ತೆ ಓಡಿಸಬಾರದು. ಮೆಗ್ಗರ್ ಹಾಕುವ ಮುನ್ನ ಮೋಟಾರ್ ತಂತಿಗಳನ್ನು ಯಂತ್ರದಿಂದ ಬೇರ್ಪಡಿಸದಿದ್ದರೆ ನಿಯಂತ್ರಣದ ಎಲೆಕ್ಟ್ರಾನಿಕ್ಸ್ ಹಾಳಾದೀತು.

ಕರೆಂಟ್ ಅಂಕಿ ಹರಿವಿನ ಬಗ್ಗೆಯೂ ಮಾತಾಡುತ್ತದೆ. ಈ ಜಾತಿಯ ಪಂಪ್ ಹೆಚ್ಚು ಹರಿಸಿದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ. ಧಾರೆ ದುರ್ಬಲ, ಕರೆಂಟೂ ಫಲಕಕ್ಕಿಂತ ಬಹಳ ಕಡಿಮೆ ಎಂದರೆ ದಾರಿ ಕಟ್ಟಿದೆ, ಗಾಳಿ ಹಿಡಿದಿದೆ ಅಥವಾ ಇಂಪೆಲರ್ ಕಳಚಿದೆ. ಧಾರೆ ದುರ್ಬಲ, ಕರೆಂಟ್ ಹೆಚ್ಚು ಎಂದರೆ ಒಳಗೆ ಏನೋ ಉಜ್ಜುತ್ತಿದೆ.

ಟ್ರಿಪ್ ತಪ್ಪಿಸಲು, ಕರೆಂಟ್ ಮಿತಿಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಮಿತಿಯನ್ನು ಫಲಕದ ಆಂಪಿಯರ್‌ಗಿಂತ ಮೇಲೆ ತಿರುಗಿಸಬೇಡಿ. ಅದು ಕಾವಲುಗಾರನ ಬಾಯಿ ಕಟ್ಟಿದಂತೆ.

ಶಬ್ದವೇ ಇಲ್ಲದಿದ್ದರೆ ಸೆಲೆಕ್ಟರ್ ಸ್ವಿಚ್ ಆಟೋದಲ್ಲಿದೆಯೇ, ಬಾಗಿಲು ಮುಚ್ಚಿದೆಯೇ, ಕೈಯಿಂದ ಎಂ08 (ಕೂಲೆಂಟ್ ಆನ್ ಮಾಡುವ ಆದೇಶ) ಕೊಟ್ಟಾಗ ಕಾಂಟ್ಯಾಕ್ಟರ್ ಟಕ್ಕೆನ್ನುತ್ತದೆಯೇ, ರಿಲೇ ಟ್ರಿಪ್ ಆಗಿ ನಿಂತಿದೆಯೇ ಎಂಬಷ್ಟನ್ನು ನೋಡಿ. ಮುಂದಿನದು ಪ್ಯಾನೆಲ್ ಬಲ್ಲವರಿಗೆ.

## ಪಂಪ್ ಬಿಚ್ಚುವ ಹಂತಕ್ಕೆ ಬಂದರೆ

ಮುಚ್ಚಿದಾಗಿನ ಒತ್ತಡ ಕಡಿಮೆ, ದಿಕ್ಕು ಸರಿ, ವೋಲ್ಟೇಜ್ ಸರಿ, ಗಾಳಿ ಇಲ್ಲ. ಈಗ ಪಂಪ್ ಬಿಚ್ಚಲು ನ್ಯಾಯವಾದ ಕಾರಣವಿದೆ. ಇಂಪೆಲರ್ ರೆಕ್ಕೆಗಳ ಅಂಚು ದುಂಡಾಗಿದೆಯೇ, ಪ್ಲಾಸ್ಟಿಕ್ ಇಂಪೆಲರ್ ನಡುವೆ ಸೀಳಿ ಶಾಫ್ಟ್ ಮೇಲೆ ಜಾರುತ್ತಿದೆಯೇ, ಹಿಡಿದಿಡುವ ನಟ್ ಸಡಿಲವಾಗಿದೆಯೇ ನೋಡಿ. ಇಂಪೆಲರ್ ಮತ್ತು ಕವಚದ ನಡುವಿನ ಸಂದಿ ಸವೆದು ಅಗಲವಾದರೆ ಎತ್ತಿದ ಕೂಲೆಂಟ್ ಒಳಗಿಂದಲೇ ಹಿಂದಕ್ಕೆ ಜಾರುತ್ತದೆ. ಹಲವು ಹಂತಗಳ ಪಂಪ್ ಆದರೆ ಬಿಚ್ಚಿದ ಕ್ರಮವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಒಂದು ತೆಳು ವಾಷರ್ ಆಚೀಚೆಯಾದರೆ ಇಂಪೆಲರ್ ಕವಚಕ್ಕೆ ಉಜ್ಜುತ್ತದೆ. ಇಂಪೆಲರ್, ಬೇರಿಂಗ್ ಎರಡೂ ಹೋಗಿದ್ದರೆ ದುರಸ್ತಿಗಿಂತ ಹೊಸ ಪಂಪ್ ಮೇಲು ಎಂಬುದು ನನ್ನ ಅಭಿಪ್ರಾಯ. ಬೀಡು ಕಬ್ಬಿಣದ ಪುಡಿ ತಿಂದ ಕವಚಕ್ಕೆ ಹೊಸ ಇಂಪೆಲರ್ ಹಾಕಿದರೂ ಹಳೆಯ ಒತ್ತಡ ಮರಳುವುದಿಲ್ಲ.

## ಎಲ್ಲವೂ ಸರಿಯಿದೆ, ಆದರೂ ಕೆಲಸಕ್ಕೆ ಸಾಲದು

ಈ ಸಂದರ್ಭವೂ ನಿಜ. ಹಳೆಯ ಪಂಪ್ 1 ಬಾರ್ ಆಸುಪಾಸಿನಲ್ಲಿ ಹೊರಗಿನಿಂದ ಸುರಿಯಲೆಂದೇ ಇತ್ತು. ಒಳಗಿನಿಂದ ಕೂಲೆಂಟ್ ಬೇಡುವ ಇನ್ಸರ್ಟ್ ಡ್ರಿಲ್, ಬೋರಿಂಗ್ ಬಾರ್ ಹಾಕಿದಾಗ ಅದು ಸೋಲುತ್ತದೆ. ಡ್ರಿಲ್ ತಯಾರಕರ ಪಟ್ಟಿಯಲ್ಲಿ ಆಯಾ ವ್ಯಾಸಕ್ಕೆ ಬೇಕಾದ ಕನಿಷ್ಠ ಹರಿವು, ಒತ್ತಡ ಕೊಟ್ಟಿರುತ್ತಾರೆ. ಅದನ್ನು ನಿಮ್ಮ ಅಳತೆಯ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಕೊರತೆ ಎಂಬುದು ಗೊತ್ತಾಗುತ್ತದೆ. ಒಂದು ಲೆಕ್ಕ ನೆನಪಿರಲಿ: ಅದೇ ರಂಧ್ರದಿಂದ ಎರಡರಷ್ಟು ಹರಿವು ಬೇಕಾದರೆ ಒತ್ತಡ ನಾಲ್ಕರಷ್ಟು ಬೇಕು.

ಸಾಮಾನ್ಯವಾಗಿ ನಾನು ಸೂಚಿಸುವುದು ಅದೇ ಟ್ಯಾಂಕ್ ರಂಧ್ರಕ್ಕೆ ಕೂರುವ ಹಲವು ಹಂತಗಳ ಮುಳುಗು ಪಂಪ್. ಕೊಳ್ಳುವ ಮುನ್ನ ಮುಳುಗುವ ಆಳ ಅಳೆಯಿರಿ, ಕಾಂಟ್ಯಾಕ್ಟರ್, ಓವರ್‌ಲೋಡ್, ಕೇಬಲ್ ಹೊಸ ಮೋಟಾರ್‌ಗೆ ಸಾಲುತ್ತವೆಯೇ ಕೇಳಿ. ಟರೆಟ್ ಒಳಗಿನ ಸೀಲ್‌ಗಳು ಎಷ್ಟು ಒತ್ತಡ ತಾಳುತ್ತವೆ ಎಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡದೆ ಮುಂದುವರಿಯಬೇಡಿ. ಕೈಯಲ್ಲಿ ಬಾಗಿಸುವ ಕೀಲು ಕೀಲಿನ ಪ್ಲಾಸ್ಟಿಕ್ ನಾಝಲ್‌ಗಳು ಹೆಚ್ಚಿದ ಒತ್ತಡಕ್ಕೆ ಕಳಚಿ ಹಾರುತ್ತವೆ. ಅವುಗಳ ಜಾಗಕ್ಕೆ ತಾಮ್ರದ ಅಥವಾ ಉಕ್ಕಿನ ಕೊಳವೆ ಹಾಕಿ.

ಟ್ಯಾಂಕ್ ಮರೆಯಬೇಡಿ. 150 ಲೀಟರ್ ಟ್ಯಾಂಕ್‌ನಿಂದ ನಿಮಿಷಕ್ಕೆ 40 ಲೀಟರ್ ಎತ್ತಿದರೆ ಕೂಲೆಂಟ್‌ಗೆ ತಿಳಿಯಾಗಲು ನಾಲ್ಕು ನಿಮಿಷವೂ ಸಿಗುವುದಿಲ್ಲ. 80 ಲೀಟರ್ ಎತ್ತಿದರೆ ಎರಡು ನಿಮಿಷವೂ ಇಲ್ಲ. ಪುಡಿ ಕೆಳಗೆ ಕೂರುವುದಿಲ್ಲ, ನೊರೆ ಒಡೆಯುವುದಿಲ್ಲ, ಕೂಲೆಂಟ್ ಬಿಸಿಯಾಗುತ್ತದೆ. ಫಿಲ್ಟರ್ ಇಲ್ಲದೆ ಒತ್ತಡ ಹೆಚ್ಚಿಸಿದರೆ ಸಣ್ಣ ರಂಧ್ರದ ಟೂಲ್‌ಗಳು ವಾರದಲ್ಲಿ ಕಟ್ಟುತ್ತವೆ. ಇರುವ ಪಂಪ್‌ನ ವೇಗವನ್ನು ಡ್ರೈವ್ ಹಾಕಿ 50ರಿಂದ 60 ಹರ್ಟ್ಸ್‌ಗೆ ಏರಿಸುವ ಯೋಚನೆ ಹಲವರಿಗೆ ಬರುತ್ತದೆ. ಒತ್ತಡ 1.44 ಪಟ್ಟಾಗುವುದು ನಿಜ, ಆದರೆ ಬೇಕಾಗುವ ಶಕ್ತಿ 1.73 ಪಟ್ಟು, ಮೋಟಾರ್‌ಗೆ ಆ ತಾಕತ್ತು ಇದೆಯೇ ಎಂದು ಲೆಕ್ಕ ಹಾಕಿಸಿಯೇ ಮಾಡಿ.

20 ಬಾರ್, 70 ಬಾರ್ ಎಂಬ ಮಾತು ಬಂದರೆ ಅದು ಬೇರೆಯೇ ಕೆಲಸ. ಪ್ರತ್ಯೇಕ ಟ್ಯಾಂಕ್, ಸೂಕ್ಷ್ಮ ಫಿಲ್ಟರ್, ರಿಲೀಫ್ ವಾಲ್ವ್, ಆ ಒತ್ತಡಕ್ಕೆಂದೇ ಮಾಡಿದ ಹೋಸ್ ಬೇಕು. ಅಂಥ ಲೈನ್‌ನ ಸೂಜಿಗಾತ್ರದ ಸೋರಿಕೆಯೂ ಚರ್ಮದೊಳಗೆ ನುಗ್ಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು; ಸೋರಿಕೆ ಹುಡುಕಲು ಎಂದೂ ಕೈ ಆಡಿಸಬೇಡಿ. ಶುದ್ಧ ಎಣ್ಣೆಯನ್ನೇ ಕೂಲೆಂಟ್ ಆಗಿ ಬಳಸುವ ಯಂತ್ರದಲ್ಲಿ ಒತ್ತಡ ಹೆಚ್ಚಿದರೆ ಎಣ್ಣೆಯ ಮಂಜು ಹೊತ್ತಿಕೊಳ್ಳುವ ಅಪಾಯವಿದೆ. ಮಂಜು ಹೀರುವ ಮತ್ತು ಬೆಂಕಿ ನಂದಿಸುವ ವ್ಯವಸ್ಥೆ ಸಿದ್ಧವಾಗುವವರೆಗೆ ಅದನ್ನು ಚಾಲೂ ಮಾಡಬಾರದು.

ಕೆಲಸ ಮುಗಿದ ದಿನ ಮುಚ್ಚಿದ ಒತ್ತಡ, ಓಡುವಾಗಿನ ಒತ್ತಡ, 10 ಲೀಟರ್‌ಗೆ ಹಿಡಿದ ಸೆಕೆಂಡು, ಮೂರು ಫೇಸ್‌ಗಳ ಕರೆಂಟ್ ಇಷ್ಟನ್ನೂ ದಿನಾಂಕದೊಂದಿಗೆ ಬರೆದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದಿನ ಸಲ ಧಾರೆ ಸೊರಗಿದಾಗ ನಿಮ್ಮ ಜಾಗದಲ್ಲಿ ಬೇರೆ ಯಾರೇ ನಿಂತಿದ್ದರೂ ಅವರ ಹುಡುಕಾಟ ಆ ಚೀಟಿಯಿಂದ ಶುರುವಾಗುತ್ತದೆ.